ಮೂರಕ್ಷರದವರು

ಪ್ಯೊ ರಿನ್ ಎಂಬ ಹೆಸರಿಗೆ ಕೊರಿಯನ್ನರ ಹಂಗುಲ್ ಲಿಪಿಯಲ್ಲಿ ಎರಡೇ ಅಕ್ಷರ. ಮನೆತನದ್ದೊಂದು, ಅವಳದ್ದೊಂದು. ಸುತ್ತಮುತ್ತ ಯಾರನ್ನು ಕೇಳಿದರೂ ಮನೆತನದ್ದೊಂದು, ತಮ್ಮವೆರಡು, ಒಟ್ಟು ಮೂರು. ಪ್ರಯೋಗಾಲಯಕ್ಕೆ ಸೇರಿದ ದಿನ ಬಾನ್ ಸುಂಗ್ಮೊ ಅವಳ ಕೊರಳಿನ ಗುರುತುಚೀಟಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇನ್ನೊಂದಕ್ಷರ ಎಲ್ಲಮ್ಮಾ? ಬಸ್ಸಲ್ಲಿ ಬಿಟ್ ಬಂದ್ಯಾ?" ಎಂದ. ಅಲ್ಲಿದ್ದವರೆಲ್ಲ ನಕ್ಕರು. ರಿನ್ ಕೂಡ ನಕ್ಕಳು. ಸುಂಗ್ಮೊ ಹೇಳಿದ್ದಕ್ಕೆ ನಗದೆ ಆ ಕೋಣೆಯಲ್ಲಿ ಸ್ನಾತಕೋತ್ತರ ಪದವಿಯ ಎರಡು ವರ್ಷ ಕಳೆಯಲು ಆಗುವುದಿಲ್ಲವೆಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಅವನು ಎಷ್ಟೋ ವರ್ಷದಿಂದ ಡಾಕ್ಟರೇಟ್ ಮಾಡುತ್ತಲೇ ಇದ್ದ ಹಿರಿಯ ವಿದ್ಯಾರ್ಥಿ, ಕೋಣೆಯ ಯಜಮಾನ. ಪ್ರಯೋಗಾಲಯದ ಮುಖ್ಯಸ್ಥೆ ಪ್ರೊಫೆಸರ್ ಮಾ ಅವರ ಬಾಗಿಲು ಅವನು ಹೇಳಿದವರಿಗೆ ಮಾತ್ರ ತೆರೆಯುತ್ತಿತ್ತು. ಕಿರಿಯರೆಲ್ಲ ಅವನನ್ನು ಸನ್‌ಬೆ ಎಂದು ಕರೆಯುತ್ತಿದ್ದರು. ಮೇಲಿನ ವರ್ಷದವರಿಗೆ ಸಲ್ಲುವ ಮರ್ಯಾದೆಯ ಮಾತು ಅದು. ಅವನ ವಿಷಯದಲ್ಲಿ ಅದರೊಳಗೆ ಹೆದರಿಕೆಯೇ ಹೆಚ್ಚಿತ್ತು.

ಕೋಣೆ ಇದ್ದದ್ದು ದೇಜಾನ್‌ನ ಆಸ್ಪತ್ರೆಯೊಂದರ ಹಿಂಬದಿಯ ಕಟ್ಟಡದಲ್ಲಿ. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಳ್ಳಬೇಕಾದವರು ಆಪರೇಷನ್ನಿಗೆ ಮೊದಲು ಅಲ್ಲಿಗೆ ಬಂದು, ಒಂದಿಡೀ ದಿನ ಕೂತು, ಸಾವಿರ ವಾಕ್ಯ ಓದುತ್ತಿದ್ದರು. ಆ ಓದಿನಿಂದ ಕಂಪ್ಯೂಟರು ಒಂದು ಧ್ವನಿ ಕಟ್ಟುತ್ತಿತ್ತು. ಮುಂದೆ ಅವರು ಫೋನಿನಲ್ಲಿ ಏನು ಟೈಪ್ ಮಾಡಿದರೂ ಫೋನು ಅದನ್ನು ಅವರದೇ ದನಿಯಲ್ಲಿ ಹೇಳಬೇಕು. ಕೆಲಸ ಒಳ್ಳೆಯದೇ. "ನಮ್ಮಲ್ಲಿ ರೋಗಿಗಳಿಗೆ ನಂಬರಿಲ್ಲ, ಹೆಸರಿದೆ" ಎಂದು ಪ್ರೊಫೆಸರ್ ಮಾ ಪತ್ರಿಕೆಯವರಿಗೆ ಹೇಳಿದ್ದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆಕೆಗೆ ಆ ಮಾತು ತುಂಬ ಹಿಡಿಸಿಬಿಟ್ಟಿತು. ಮಾರನೆಯ ದಿನದಿಂದಲೇ ಪ್ರತಿಯೊಬ್ಬರ ಧ್ವನಿಯನ್ನೂ ಅವರ ಪೂರ್ತಿ ಹೆಸರಿನಲ್ಲಿ, ಹಂಗುಲ್ ಲಿಪಿಯಲ್ಲೇ ಉಳಿಸಬೇಕೆಂದು ಅಪ್ಪಣೆಯಾಯಿತು. ಒಬ್ಬರಿಗೆ ಒಂದು ಕಡತ, ಕಡತಕ್ಕೆ ಅವರ ಹೆಸರು.

ಧ್ವನಿ ಹಿಡಿಯುವ ತಂತ್ರಾಂಶ ಹಳೆಯದು, ಲಿನಕ್ಸಿನಲ್ಲಿ ಮಾತ್ರ ನಡೆಯುವಂಥದ್ದು. ಆಸ್ಪತ್ರೆ ಕೊಟ್ಟ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್. ಆದ್ದರಿಂದ ಅದರ ಹೊಟ್ಟೆಯೊಳಗೆ ಒಂದು ವರ್ಚುವಲ್ ಮಷೀನ್ ಮಾಡಿ ಲಿನಕ್ಸನ್ನು ಕೂರಿಸಿದ್ದರು. ರೋಗಿಗಳ ವಿಷಯ ಅಲ್ಲಿ ಇಲ್ಲಿ ಉಳಿಯಬಾರದೆಂಬ ನಿಯಮಕ್ಕೆ ಕಟ್ಟುಬಿದ್ದು, ಆ ಒಳಯಂತ್ರವನ್ನು ಸಂಜೆ ಆರಿಸಿದರೆ ಅದು ಆ ದಿನದ್ದೆಲ್ಲವನ್ನೂ ಮರೆಯುವ ಹಾಗೆ ಮಾಡಿದ್ದರು. ಬೆಳಿಗ್ಗೆ ಏಳುವಾಗ ಅದರ ತಲೆ ಖಾಲಿ. ಉಳಿಯಬೇಕಾದ್ದು ಒಂದು ಹಂಚಿಕೆಯ ಫೋಲ್ಡರಿಗೆ ಹೋಗಬೇಕು. ಆ ಫೋಲ್ಡರ್ ಹೊರಗಿನ ಯಂತ್ರದ್ದು; ಒಳಗಿನದಕ್ಕೆ ಅದು ಸಿಗಬೇಕಾದರೆ ದಿನಾ ಬೆಳಿಗ್ಗೆ ಒಂದು ಆಜ್ಞೆ ಕೊಟ್ಟು ಅದನ್ನು ಮೌಂಟ್ ಮಾಡಬೇಕು. ಕೋಣೆಯವರು ಅದಕ್ಕೆ ಏರಿಸೋದು ಎನ್ನುತ್ತಿದ್ದರು. "ಏರಿಸಿದ್ಯಾ?" ಎನ್ನುವುದೇ ಅಲ್ಲಿ ಬೆಳಗಿನ ಕುಶಲೋಪರಿ.

ಜೂನ್ ತಿಂಗಳ ಒಂದು ಬೆಳಿಗ್ಗೆ ರಿನ್ ಏರಿಸಲು ಮರೆತಳು. ಏರಿಸದಿದ್ದರೂ ಅದೇ ಹೆಸರಿನ ಒಂದು ಖಾಲಿ ಜಾಗ ಒಳಯಂತ್ರದಲ್ಲಿ ಇದ್ದೇ ಇರುತ್ತದೆ. ತಂತ್ರಾಂಶ ಚಕಾರವೆತ್ತದೆ ಅಲ್ಲೇ ಬರೆದುಕೊಂಡು ಹೋಯಿತು. ಸಂಜೆ ಯಂತ್ರ ಆರಿಸಿದಾಗ ನಿವೃತ್ತ ಮೇಷ್ಟ್ರೊಬ್ಬರ ಇಡೀ ದಿನದ ಓದು ಹೋಯಿತು. ಅವರು ಮತ್ತೆ ಬಂದು, ಕೆಮ್ಮಿ, ಕರವಸ್ತ್ರಕ್ಕೆ ರಕ್ತ ಒರೆಸಿಕೊಂಡು, ಮತ್ತೆ ಸಾವಿರ ವಾಕ್ಯ ಓದಿದರು. ಸುಂಗ್ಮೊ ಆ ಮೇಷ್ಟ್ರ ಎದುರಿಗೆ ರಿನ್‌ಳನ್ನು ಬೆಳಗಿನಿಂದ ಸಂಜೆಯವರೆಗೆ ನಿಲ್ಲಿಸಿದ.

"ಕೂತ್ಕೋಬೇಡ. ನಿನ್ನ ಮರೆವು ಹೇಗೆ ಕೆಮ್ಮುತ್ತೆ, ನಿಂತ್ಕೊಂಡು ನೋಡು."

ಮೇಷ್ಟ್ರು ಹೋದ ಮೇಲೆ ಅವನು ಕುರ್ಚಿ ತಿರುಗಿಸಿ ಕೂತ. "ನಿನ್ನಂಥ ತಲೆ ಇರೋ ಕಡೆ ಕೈಯಿಂದ ಏರಿಸೋ ಕೆಲಸ ಇಡಬಾರ್ದು. ಯಂತ್ರ ಎದ್ದ ತಕ್ಷಣ ಅದೇ ಏರಿಸ್ಕೊಳ್ಳೋ ಹಾಗೆ ಮಾಡು. ನೀನು ಸತ್ರೂ ಏರ್ಬೇಕು."

ಲಿನಕ್ಸ್ ಏಳುವಾಗ ಓದಿಕೊಳ್ಳುವ ಒಂದು ಕಡತವಿದೆ. ಯಾವ ಫೋಲ್ಡರನ್ನು ಎಲ್ಲಿಗೆ ಏರಿಸಬೇಕೆಂದು ಅದರಲ್ಲಿ ಒಂದು ಸಾಲು ಬರೆದರೆ ಆಯಿತು. ರಿನ್ ಇಂಟರ್ನೆಟ್ಟಿನಲ್ಲಿ ಹುಡುಕಿ ಸಾಲನ್ನು ಬರೆದಳು. ಕೊನೆಯಲ್ಲೊಂದು ತುಂಡಿನ ಬಳಿ ನಿಂತಳು.

"ಸನ್‌ಬೆ, ಅಕ್ಷರ ಯಾವ ಬಗೆಯವು ಅಂತ ಕೊನೇಲಿ ಒಂದು ತುಂಡು ಹಾಕ್ಬೇಕಂತೆ. ಹಂಗುಲ್ ಹೆಸರಿದ್ರೆ ಅದು ಬೇಕೇ ಬೇಕಂತೆ."

"ಯಾರಂತೆ?"

"ಒಬ್ರು ಬರೆದಿದಾರೆ..."

"ಹತ್ತು ವರ್ಷದ ಹಿಂದೆ ಯಾವನೋ ಬರೆದಿರ್ತಾನೆ. ನಾನು ಕೈಯಲ್ಲಿ ಏರಿಸೋವಾಗ ಯಾವತ್ತಾದ್ರೂ ಆ ತುಂಡು ಹಾಕಿದ್ನಾ? ತೆಗಿ. ಸಾಲು ಉದ್ದ ಆದಷ್ಟೂ ನಿನ್ ತಪ್ಪೂ ಉದ್ದ ಆಗುತ್ತೆ."

ಅವನು ಕೈಯಲ್ಲಿ ಏರಿಸುತ್ತಿದ್ದುದು ಹಿಂದಿನವರು ಮಾಡಿಟ್ಟು ಹೋಗಿದ್ದ ಒಂದು ಸಿದ್ಧ ಆಜ್ಞೆಯಿಂದ. ಆ ತುಂಡು ಅದರೊಳಗೇ ಇತ್ತು. ಅವನು ಅದನ್ನು ಎಂದೂ ತೆರೆದು ನೋಡಿರಲಿಲ್ಲ. ರಿನ್‌ಗೂ ತೆರೆದು ನೋಡುವಷ್ಟು ಹಟವಿರಲಿಲ್ಲ. ತುಂಡನ್ನು ತೆಗೆದಳು.

ಪರೀಕ್ಷೆಗೆ ತಾನೇ ಕೂತಳು. ಹೇಗಿದ್ದರೂ ಹೋಲಿಕೆಗೆ ರೋಗವಿಲ್ಲದ ಒಂದು ಗಂಟಲು ಬೇಕಾಗಿತ್ತು. ಸಾವಿರ ವಾಕ್ಯವನ್ನೂ ಓದಿ ತನ್ನ ಹೆಸರಿನಲ್ಲಿ ಉಳಿಸಿದಳು. ಮರೆಯುವ ಏರ್ಪಾಡನ್ನು ಆ ಹೊತ್ತಿಗೆ ತಡೆಹಿಡಿದು, ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸಿದಳು. ಫೋಲ್ಡರ್ ತಾನಾಗಿ ಏರಿತ್ತು. ಒಳಗೆ ಕಡತವೂ ಇತ್ತು. ಹೆಸರಿನ ಜಾಗದಲ್ಲಿ ಮಾತ್ರ ಎರಡು ಅಡ್ಡಗೆರೆ.

"ಸನ್‌ಬೆ, ಹೆಸರು ಗೆರೆ ಗೆರೆ ಕಾಣ್ತಿದೆ."

"ತೆಗೆದ್ರೆ ನಿನ್ ದನಿ ಬರುತ್ತಾ?"

"ಬರುತ್ತೆ."

"ಮತ್ತೇನು? ಒಳಗಡೆ ಹಾಗೇ ಕಾಣೋದು, ಹೊರಗೆ ಸರಿಯಾಗಿರುತ್ತೆ. ಆ ಯಂತ್ರಕ್ಕೆ ಹಂಗುಲ್ ಓದೋಕ್ ಬರಲ್ಲ, ನಿನಗೆ ಯೋಚ್ನೆ ಮಾಡೋಕ್ ಬರಲ್ಲ. ಒಳ್ಳೇ ಜೋಡಿ ನೀವಿಬ್ರು."

ಮೇಷ್ಟ್ರ ಹಾಗೆ ಎರಡನೇ ಸಲ ಬಂದು ಓದುವವರಿದ್ದರೆ ಹೊಸದು ಹಳೆಯದರ ಮೇಲೆ ಕೇಳದೆ ಬರೆದುಕೊಳ್ಳಲಿ ಎಂದು ತಂತ್ರಾಂಶಕ್ಕೆ ಹೇಳಿದ್ದೂ ಅವತ್ತೇ. ಎಲ್ಲವನ್ನೂ ಸೇರಿಸಿ ಒಳಯಂತ್ರದ ಹೊಸ ಪ್ರತಿಯೊಂದನ್ನು ತೆಗೆದಿಟ್ಟಳು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಆ ಪ್ರತಿಯೇ ಏಳುತ್ತಿತ್ತು, ಫೋಲ್ಡರನ್ನು ತಾನೇ ಏರಿಸಿಕೊಳ್ಳುತ್ತಿತ್ತು. "ಏರಿಸಿದ್ಯಾ?" ಎಂದು ಕೇಳುವುದನ್ನೇ ಎಲ್ಲರೂ ಬಿಟ್ಟರು. ಬೆಳಿಗ್ಗೆ ರಿನ್ ನಿಧಾನವಾಗಿ ಕೂತು ಕಾಫಿ ಕುಡಿಯತೊಡಗಿದಳು.

ದೊ ಮಲ್ಸೂನ್ ಬಂದದ್ದು ಆಗಸ್ಟ್ ತಿಂಗಳಲ್ಲಿ. ಗಂಗ್ಯೊಂಗ್ ಪೇಟೆಯಲ್ಲಿ, ಕಿಮ್ಚಿ ಎಂಬ ಕೋಸಿನ ಉಪ್ಪಿನಕಾಯಿಗೆ ಬೇಕಾಗುವ ಉಪ್ಪು ಹಾಕಿದ ಸಿಗಡಿ ಮಾರುವ ಹೆಂಗಸು, ಅರವತ್ತು ದಾಟಿದವಳು. ಬರುವಾಗ ಒಂದು ಜಾಡಿ ಸಿಗಡಿಯನ್ನೂ ತಂದಿದ್ದಳು. ಬಟ್ಟೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ತಂದಿದ್ದರೂ ಕೋಣೆಯೆಲ್ಲ ಸಮುದ್ರ ಕೊಳೆತ ಹಾಗೆ ನಾರಿತು. ಸುಂಗ್ಮೊ ಕಿಟಕಿ ತೆರೆದ.

"ಏ ಓದೋ ಹುಡ್ಗಾ, ಕಿಟಕಿ ತೆಗೀತೀಯಲ್ಲ, ನಿಮ್ಮಮ್ಮ ಕಿಮ್ಚಿಗೆ ಏನ್ ಹಾಕ್ತಾಳೆ? ಸೆಂಟ್ ಹಾಕ್ತಾಳಾ?" ಎಂದಳು ಮಲ್ಸೂನ್. ದನಿ ಒಡಕು, ಆದರೆ ಹೊರಗಿನ ಕಾರಿಡಾರಿನ ತುದಿಯಲ್ಲಿದ್ದ ನರ್ಸು ತಿರುಗಿ ನೋಡುವಷ್ಟು ದೊಡ್ಡದು. ರಿನ್ ನಗಬಾರದೆಂದು ತುಟಿ ಕಚ್ಚಿಕೊಂಡಳು. ಸುಂಗ್ಮೊ ಅದನ್ನು ಗಮನಿಸಿದ.

ಮಲ್ಸೂನಳಿಗೆ ಕಣ್ಣು ಮಂಜು, ಪರದೆಯ ಅಕ್ಷರ ಕಾಣದು. ರಿನ್ ಪಕ್ಕದಲ್ಲಿ ಕೂತು ಒಂದೊಂದೇ ವಾಕ್ಯ ಓದಿ ಹೇಳಿದಳು. ಆಕೆ ಅದನ್ನು ಮತ್ತೆ ಹೇಳಬೇಕು.

"ಇಂದು ಹವಾಮಾನ ಹಿತಕರವಾಗಿದೆ."

"ಇಂದು ಹವಾಮಾನ ಹಿತ... ಅಯ್ಯೋ, ಹೀಗ್ ಯಾರ್ ಮಾತಾಡ್ತಾರೆ ಮಗಳೇ? ನನ್ ಗಂಡ ಕೇಳಿದ್ರೆ ಮನೆಗೆ ಸರ್ಕಾರದೋರು ಬಂದ್ರು ಅಂತ ಓಡಿಹೋಗ್ತಾನೆ."

"ಓದ್ಬೇಕಮ್ಮಾ. ಬಾಯಲ್ಲಿರೋ ಸದ್ದೆಲ್ಲ ಬರ್ಬೇಕು."

"ಬಾಯಲ್ಲಿರೋದು ಬರ್ಬೇಕಂದ್ರೆ ನಾನು ಹೇಳಿದ್ದು ಬರ್ಕೊಳ್ಳಿ, ನೀವು ಹೇಳಿದ್ದಲ್ಲ. ನಿನ್ ದನಿ ಎಂಥದ್ದು ಗೊತ್ತಾ? ತೊಳೆದು ಬೋರಲು ಹಾಕಿದ ಬಟ್ಟಲು. ಉಪ್ಪಿಲ್ಲ, ವಾಸ್ನೆ ಇಲ್ಲ. ಈ ದನೀಲಿ ಒಂದ್ ಹಿಡಿ ಸಿಗಡಿ ಮಾರಕ್ಕಾಗಲ್ಲ. ಗಿರಾಕಿ ನಿನ್ ಮುಂದೇನೇ ಪಕ್ಕದಂಗಡಿಗೆ ಹೋಗ್ತಾನೆ."

ಸಾವಿರ ಮುಗಿದ ಮೇಲೆ ಅವರವರ ಸ್ವಂತ ಮಾತಿಗೆ ಸ್ವಲ್ಪ ಹೊತ್ತು ಬಿಟ್ಟಿರುತ್ತಿದ್ದರು. ಹೆಚ್ಚಿನವರು ಮಕ್ಕಳಿಗೆ ಏನೋ ಹೇಳಲು ಹೋಗಿ ಅತ್ತುಬಿಡುತ್ತಿದ್ದರು. ಮಲ್ಸೂನ್ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಮೈಕನ್ನು ಗಿರಾಕಿಯೆಂದೇ ತಿಳಿದು ಕೂಗಿದಳು.

"ಬನ್ನಿ, ಬಂದು ನಾಲಿಗೆಗೆ ಹಚ್ಚಿ ನೋಡಿ! ಆರನೇ ತಿಂಗಳಲ್ಲಿ ಹಿಡಿದ ಸಿಗಡಿ, ಕೊಬ್ಬಿದ್ದು! ಸಪ್ಪೆ ಅಂದೋರ ನಾಲಿಗೆ ಕಿತ್ತು ಅದನ್ನೂ ಉಪ್ಪಲ್ಲಿ ಹಾಕ್ತೀನಿ!" ಉಸಿರೆಳೆದುಕೊಂಡು, "ಏ ಮುದುಕಾ! ಕಿವಿ ಎಲ್ಲಿಟ್ಟಿದೀಯಾ, ಜಾಡೀಲಾ? ತಕ್ಕಡಿ ತಾ ಅಂದ್ರೆ ಕೊಡೆ ತರ್ತೀಯಲ್ಲೋ!"

ಮೈಕಿನ ಸದ್ದಳೆಯುವ ಮುಳ್ಳು ಕೆಂಪಿಗೆ ಹಾರಿತು. ಆಕೆ ಕೂತು ನೀರು ಕುಡಿದಳು, ನುಂಗುವುದಕ್ಕೆ ಕಷ್ಟವಾಯಿತು.

"ನವೆಂಬರಿಗೆ ಕೊಟ್ಬಿಡ್ತೀರಲ್ಲ ಮಗಳೇ? ಊರಿಗೂರೇ ಕಿಮ್ಚಿ ಹಾಕೋ ತಿಂಗ್ಳು. ನಮ್ ವರ್ಷ ನಡೆಯೋದೇ ಆ ತಿಂಗ್ಳಲ್ಲಿ. ಮುದುಕನಿಗೆ ಕಿವಿ ಕೇಳಲ್ಲ, ನನ್ನ ಕೂಗು ಒಂದೇ ಅವನಿಗೆ ಮುಟ್ಟೋದು. ನನ್ನ ಕೂಗೇ ನಮ್ಮಂಗಡಿ ಬೋರ್ಡು."

"ಕೊಡ್ತೀವಮ್ಮಾ."

"ನನ್ದೇ ತಾನೇ? ರೈಲ್ವೆ ಸ್ಟೇಷನ್ ಹುಡುಗೀದಲ್ಲ?"

"ನಿಮ್ಮದೇ."

ರಿನ್ ಕಡತಕ್ಕೆ ದೊ ಮಲ್ಸೂನ್ ಎಂದು ಮೂರಕ್ಷರದ ಹೆಸರು ಕೊಟ್ಟು ಉಳಿಸಿದಳು. ಉಳಿಯಿತು ಎಂದು ತಂತ್ರಾಂಶ ಹೇಳಿತು.

ಜೂನಿನಿಂದ ಆಗಸ್ಟಿನವರೆಗಿನ ಆ ಬೇಸಿಗೆಯಲ್ಲಿ ಒಮ್ಮೆ ಅವಳು ಹಂಚಿಕೆಯ ಫೋಲ್ಡರಿನೊಳಗೆ ಇಣುಕಿದ್ದುಂಟು. ಎರಡೇ ಸಾಲಿತ್ತು: ಎರಡು ಗೆರೆಯದೊಂದು, ಮೂರು ಗೆರೆಯದೊಂದು. ಪ್ರತಿ ಶುಕ್ರವಾರ ಎಲ್ಲವನ್ನೂ ದೊಡ್ಡ ಡಿಸ್ಕಿಗೆ ಸಾಗಿಸುವುದು ಸುಂಗ್ಮೊನ ಕೆಲಸ. ಸಾಗಿಸಿರುತ್ತಾನೆ ಎಂದುಕೊಂಡು ಮುಚ್ಚಿದಳು. ಕೇಳಬಹುದಾಗಿತ್ತು. ಕೇಳಿದರೆ ಏನು ಉತ್ತರ ಬರುತ್ತದೆಂದು ಗೊತ್ತಿದ್ದುದರಿಂದ ಕೇಳಲಿಲ್ಲ.

ಶರತ್ಕಾಲದ ಸುಗ್ಗಿಹಬ್ಬವಾದ ಚುಸೊಕ್‌ನ ರಜೆ ಮುಗಿಸಿ ಬಂದ ಸೋಮವಾರ ಮಧ್ಯಾಹ್ನ, ಎಲ್ಲರೂ ಕಪ್ಪು ಸಾಸಿನ ನೂಡಲ್ಸ್ ತರಿಸಿಕೊಂಡಿದ್ದರು. ಸುಂಗ್ಮೊ ಮತ್ತು ರಿನ್ ಬಿಟ್ಟು ಉಳಿದವರು ತಮ್ಮ ಬಟ್ಟಲು ಹಿಡಿದು ಪಕ್ಕದ ಕೋಣೆಗೆ ಹೋದರು. ಸುಂಗ್ಮೊ ಊಟದ ಜೋಡಿ ಕಡ್ಡಿಗಳನ್ನು ಮುರಿದು ಬೇರೆ ಮಾಡಿಕೊಳ್ಳುತ್ತ, ಜೂನಿನ ನಂತರ ಮೊದಲ ಬಾರಿಗೆ ಹೊರಗಿನ ಯಂತ್ರದಲ್ಲೇ ಆ ಫೋಲ್ಡರನ್ನು ತೆರೆದ. ಧ್ವನಿ ಕಟ್ಟುವ ಕೆಲಸ ಶುರು ಮಾಡಬೇಕಿತ್ತು.

"ರಿನ್." ಅವನ ದನಿ ಮೆತ್ತಗಿತ್ತು. ಅವಳು ಬಟ್ಟಲು ಕೆಳಗಿಟ್ಟಳು. "ಮಿಕ್ಕಿದ್ದೆಲ್ಲ ಎಲ್ಲಿಟ್ಟೆ?"

ಪರದೆಯ ಮೇಲೆ ಎರಡೇ ಕಡತ. ಹೊರಗೂ ಗೆರೆಗಳೇ.

"ನೀವು ದೊಡ್ಡ ಡಿಸ್ಕಿಗೆ ಹಾಕಿರ್ತೀರಲ್ಲ, ಸನ್‌ಬೆ. ಶುಕ್ರವಾರ ಶುಕ್ರವಾರ."

ಸುಂಗ್ಮೊ ಕಡ್ಡಿಗಳನ್ನು ಕೆಳಗಿಟ್ಟ. ಜೂನಿನಲ್ಲಿ ಮೇಷ್ಟ್ರದನ್ನು ಹಾಕಿದ್ದೇ ಕೊನೆ, ಆಮೇಲೆ ಒಂದು ಶುಕ್ರವಾರವೂ ಹಾಕಿರಲಿಲ್ಲ.

ಮೊದಲು ಅರ್ಥವಾದದ್ದು ರಿನ್‌ಗೆ. ಅವಳು ಬರೆದ ಸಾಲಿಗೆ ಹಂಗುಲ್ ತಿಳಿಯದು. ತಿಳಿಯದ ಒಂದೊಂದು ಅಕ್ಷರಕ್ಕೂ ಅದು ಒಂದೊಂದು ಗೆರೆ ಎಳೆದು ಹೊರಗೆ ಕಳಿಸುತ್ತಿತ್ತು. ಮೂರಕ್ಷರದ ಯಾವ ಹೆಸರಾದರೂ ಮೂರು ಗೆರೆ. ಒಂದು ಬೇಸಿಗೆ ಪೂರ್ತಿ ಬಂದವರೆಲ್ಲ ಮೂರಕ್ಷರದವರು. ಇಂದು ಕೂತವರು ನಿನ್ನೆ ಕೂತವರ ಮೇಲೆ ಬರೆಯಿಸಿಕೊಂಡು, ನಾಳೆ ಬರುವವರ ಕೆಳಗೆ ಅಳಿಸಿಹೋಗಿದ್ದರು. ಕೊನೆಗೆ ಬಂದದ್ದು ಯುಕ್ ಸಾಂಗ್ಚುಲ್ ಎಂಬ ಮುದಿ ಟ್ಯಾಕ್ಸಿ ಡ್ರೈವರ್. ಸುಂಗ್ಮೊ ಮೂರು ಗೆರೆಯನ್ನು ಒತ್ತಿದ. ಸಿಗರೇಟಿನ ಆ ಗೊಗ್ಗರು ದನಿ "ಇಂದು ಹವಾಮಾನ ಹಿತಕರವಾಗಿದೆ" ಎಂದಿತು. ಎರಡು ಗೆರೆಯನ್ನು ಒತ್ತಿದ. ತೊಳೆದ ಬಟ್ಟಲಿನ ಹಾಗೆ ರಿನ್ ಅದನ್ನೇ ಹೇಳಿದಳು.

"ಸಾಲು ಬರೆದದ್ದು ಯಾರು?"

"ನಾನೇ. ಆದ್ರೆ ಆ ತುಂಡು ತೆಗಿ ಅಂತ ನೀವು..."

"ಬರೆದದ್ದು ಯಾರು ಅಂದೆ."

"ನಾನು."

"ಒಳ್ಳೇದು. ಅದನ್ನ ನೆನಪಿಟ್ಕೊ. ಎರಡಕ್ಷರದೋಳು, ನಿನ್ನೊಬ್ಳನ್ನ ಜೋಪಾನ ಮಾಡ್ಕೊಂಡಿದೀಯ."

ಪ್ರೊಫೆಸರ್ ಮಾ ತಮ್ಮ ಕೋಣೆಯಲ್ಲಿ ಆರ್ಕಿಡ್ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಸುಂಗ್ಮೊ "ಕಡತದಲ್ಲಿ ಸ್ವಲ್ಪ ತೊಂದರೆ" ಎನ್ನುವಷ್ಟರಲ್ಲಿ ಕೈ ಎತ್ತಿದರು.

"ಯಂತ್ರದೊಳಗಿನದು ನನಗೆ ಅರ್ಥ ಆಗಲ್ಲ. ಅರ್ಥ ಮಾಡಿಸೋದೂ ಬೇಡ. ನವೆಂಬರಲ್ಲಿ ಪತ್ರಿಕೆಯವರು ಬರ್ತಾರೆ, ಆಸ್ಪತ್ರೆ ದೊಡ್ಡವರೂ ಬರ್ತಾರೆ. ಅವತ್ತು ಆ ಜನ ಮಾತಾಡ್ಬೇಕು. ನನಗೆ ಅಷ್ಟೇ ಬೇಕಾಗಿರೋದು." ಇನ್ನೊಂದು ಎಲೆ ಒರೆಸಿ, ನಕ್ಕು, "ರಿನ್, ನಿನ್ನ ಪ್ರಬಂಧಕ್ಕೆ ಡಿಸೆಂಬರಲ್ಲಿ ನನ್ನ ಮುದ್ರೆ ಬೀಳ್ಬೇಕಲ್ವಾ? ಓದಿದೆ. ಚೆನ್ನಾಗಿ ಬರ್ತಾ ಇದೆ ಮರಿ," ಎಂದರು.

ತಿರುಗಿ ಬಂದಾಗ ನೂಡಲ್ಸ್ ಊದಿಕೊಂಡು ಒಂದೇ ಮುದ್ದೆಯಾಗಿತ್ತು. ಸುಂಗ್ಮೊ ಅದನ್ನು ಕಡ್ಡಿಯಿಂದ ಕತ್ತರಿಸುತ್ತ ತನ್ನ ಉಪಾಯ ಹೇಳಿದ. ಎರಡು ಧ್ವನಿ ಉಳಿದಿದೆ. ಗಂಡಸರಿಗೆಲ್ಲ ಡ್ರೈವರನದು. ಹೆಂಗಸರಿಗೆಲ್ಲ ರಿನ್‌ಳದು. ಸ್ವಲ್ಪ ಇಳಿಸಿ, ಸ್ವಲ್ಪ ಒಡಕು ಸೇರಿಸಿದರೆ ವಯಸ್ಸಾದ ಹಾಗೆ ಕೇಳುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಅಳತೆ ಇಳಿಸಿದರಾಯಿತು.

"ಅವರಿಗೆ ಗೊತ್ತಾಗಲ್ವಾ?"

"ಗೊತ್ತಾದ್ರೆ ಹೇಳೋದು ಯಾವ ಬಾಯಲ್ಲಿ? ನಾವು ಕೊಟ್ಟ ಬಾಯಲ್ಲಿ."

ಅವನಿಗೆ ತನ್ನ ಮಾತು ತನಗೇ ಹಿಡಿಸಿತು. ರಿನ್ ನಗಲಿಲ್ಲ. ಆ ಕೋಣೆಯಲ್ಲಿ ಅವನ ತಮಾಷೆಗೆ ಅವಳು ನಗದಿದ್ದುದು ಅದೇ ಮೊದಲು.

"ಸನ್‌ಬೆ, ದೊ ಮಲ್ಸೂನ್ ಅಮ್ಮನ ಆಪರೇಷನ್ ಗುರುವಾರ. ಇನ್ನೂ ದನಿ ಇದೆ. ನಾಳೆ ಒಂದಿನ ಕರೆಸಿದ್ರೆ ಅವರೊಬ್ಬರದಾದ್ರೂ..."

"ಏನಂತ ಕರೆಸ್ತೀಯ? ಹೋದ್ಸಲ ಓದಿದ್ದು ಏನಾಯ್ತು ಅಂತ ಕೇಳ್ತಾಳೆ. ಅವಳ ಗಂಟಲು ನೋಡಿದ್ಯಲ್ಲ, ಪೇಟೆಗೆಲ್ಲ ಕೂಗಿ ಹೇಳ್ತಾಳೆ. ಮಿಕ್ಕೋರೂ ಕೇಳ್ತಾರೆ. ಆಪರೇಷನ್ ಆಗಿರೋರ ಮನೆಯೋರು ಬಂದು ನಿನ್ ಕೂದ್ಲು ಹಿಡ್ಕೊಂಡು ಎಳೀತಾರೆ. ಪ್ರೊಫೆಸರ್ ಮುದ್ರೆ ಒತ್ತೋದು ಹಾಗಿರ್ಲಿ, ನಿನ್ ಮುಖ ನೋಡ್ತಾರಾ?"

ಆಗಲೇ ರಿನ್‌ಳ ಫೋನು ಹೊಡೆದುಕೊಂಡಿತು. ಗಂಗ್ಯೊಂಗಿನ ನಂಬರು. ಸುಂಗ್ಮೊ ಪರದೆಯ ಮೇಲೆ ಮಲ್ಸೂನಳ ಹೆಸರು ನೋಡಿ, ಕಡ್ಡಿಯಿಂದಲೇ ಸನ್ನೆ ಮಾಡಿದ: ಸ್ಪೀಕರಿಗೆ ಹಾಕು.

"ಬಟ್ಟಲು ದನಿ ಮಗಳೇ!" ಕೋಣೆಯೆಲ್ಲ ತುಂಬಿತು. ಹಿಂದೆ ಪೇಟೆಯ ಗಲಾಟೆ. "ಏನಿಲ್ಲ, ಗುರುವಾರ ಕುಯ್ತಾರಲ್ಲ, ಅದಕ್ಕೇ ಕೇಳೋಣ ಅಂತ. ನನ್ ಬೈಗುಳ ಎಲ್ಲ ಸರಿಯಾಗಿ ಬಂದಿದ್ಯಾ? ಮುದುಕನಿಗೆ ಬೈದಿದ್ದು? ಬಂದಿಲ್ಲ ಅಂದ್ರೆ ಹೇಳು, ನಾಳೆ ಬಸ್ ಹತ್ಕೊಂಡ್ ಬಂದು ಇನ್ನೊಂದ್ಸಲ ಬೈದು ಹೋಗ್ತೀನಿ. ಹೊಸಾವು ನಾಲ್ಕು ಜ್ಞಾಪಕ ಬಂದಿದಾವೆ."

ಸುಂಗ್ಮೊ ತಿನ್ನುವುದನ್ನು ನಿಲ್ಲಿಸಿದ. ತಲೆಯಾಡಿಸಲಿಲ್ಲ, ಕಣ್ಣು ಕೆಂಪು ಮಾಡಲಿಲ್ಲ. ರಿನ್‌ಳನ್ನೇ ನೋಡಿದ.

ಫೋನಿನ ಪರದೆಯ ಮೇಲೆ ಮಾತನ್ನು ಮುದ್ರಿಸಿಕೊಳ್ಳುವ ಗುಂಡಿ ಇತ್ತು. ಅದನ್ನು ಒತ್ತಿ ಆಕೆಯನ್ನು ಸುಮ್ಮನೆ ಮಾತಾಡಲು ಬಿಟ್ಟಿದ್ದರೂ ಏನಾದರೂ ಉಳಿಯುತ್ತಿತ್ತು. ರಿನ್‌ಳ ಹೆಬ್ಬೆರಳು ಅದರ ಪಕ್ಕದಲ್ಲೇ ಇತ್ತು.

"ಬರೋದೇನೂ ಬೇಡಮ್ಮಾ," ಎಂದಳು. "ಎಲ್ಲ ಚೆನ್ನಾಗಿ ಬಂದಿದೆ."

"ಸಿಗಡಿ ಕೂಗಿದ್ದು?"

"ಅದೂ."

"ಹಾಗಾದ್ರೆ ಸರಿ. ಹೆದರ್ಕೆ ಇಲ್ಲ ಇನ್ನು, ಕುಯ್ಯಲಿ ನನ್ ಮಕ್ಳು. ಜಾಡಿ ಖಾಲಿ ಆಗಿದ್ರೆ ಇನ್ನೊಂದು ಕಳಿಸ್ತೀನಿ. ಆ ಕಿಟಕಿ ಹುಡುಗನಿಗೆ ಮಾತ್ರ ಕೊಡ್ಬೇಡ."

ಫೋನು ಆರಿತು. ಸುಂಗ್ಮೊ ಮತ್ತೆ ತಿನ್ನತೊಡಗಿದ. "ಚೆನ್ನಾಗ್ ಹೇಳ್ದೆ," ಎಂದ, ಬಾಯಿ ತುಂಬಿಕೊಂಡು.

ಗುರುವಾರ ಮಲ್ಸೂನಳ ಧ್ವನಿಪೆಟ್ಟಿಗೆಯನ್ನು ತೆಗೆದರು. ರಿನ್ ಆ ವಾರವೆಲ್ಲ ತನ್ನದೇ ದನಿಯನ್ನು ಇಳಿಸುತ್ತ ಕೂತಿದ್ದಳು. ಎಷ್ಟು ಇಳಿಸಿದರೂ, ಎಷ್ಟು ಒಡಕು ಬೆರೆಸಿದರೂ ಅದು ತೊಳೆದ ಬಟ್ಟಲೇ. ಹಳೆಯ ಬಟ್ಟಲು, ಅಷ್ಟೆ.

ನವೆಂಬರಿನ ಆ ದಿನಕ್ಕೆ ಆಸ್ಪತ್ರೆಯ ಸಭಾಂಗಣದಲ್ಲಿ ಹೂವಿನ ಸ್ಟ್ಯಾಂಡುಗಳು ಸಾಲಾಗಿ ನಿಂತಿದ್ದವು. ಬೆಳಿಗ್ಗೆಯೇ ಸುಂಗ್ಮೊ ರಿನ್‌ಗೆ ಒಂದು ಮಾಸ್ಕ್ ಕೊಟ್ಟ.

"ಇವತ್ತು ನೀನು ಬಾಯಿ ಬಿಡಬಾರ್ದು. ಯಾರ್ ಏನ್ ಕೇಳಿದ್ರೂ ಗಂಟಲು ಕೆಟ್ಟಿದೆ ಅಂತ ಸನ್ನೆ ಮಾಡು. ನೀನು ಒಂದ್ ಮಾತಾಡಿದ್ರೆ, ಆ ಹೆಂಗಸರ ಫೋನಿನ ದನಿ ಯಾರದು ಅಂತ ಕಿವಿ ಇರೋನಿಗೆಲ್ಲ ಗೊತ್ತಾಗುತ್ತೆ. ತಿಳೀತಾ?"

ತಿಳಿಯಿತೆಂದು ರಿನ್ ತಲೆಯಾಡಿಸಿದಳು.

ಮೊದಲಿಗೆ ಮಲ್ಸೂನಳನ್ನು ಕರೆದರು. ಆಕೆ ಅರ್ಧಕ್ಕರ್ಧ ಇಳಿದಿದ್ದಳು. ಕತ್ತಿನ ತೂತು ಕಾಣದಂತೆ ನೇರಳೆ ಬಣ್ಣದ ಸ್ಕಾರ್ಫ್ ಕಟ್ಟಿದ್ದಳು. ಉಸಿರಾಡಿದಾಗಲೆಲ್ಲ ಅದು ಒಳಕ್ಕೂ ಹೊರಕ್ಕೂ ಆಡುತ್ತಿತ್ತು. ಜೊತೆಗೆ ಗಂಡ, ಇಸ್ತ್ರಿಯಾದ ಕೋಟು ಹಾಕಿಕೊಂಡು, ಎಲ್ಲರಿಗೂ ಬಗ್ಗಿ ಬಗ್ಗಿ ನಮಸ್ಕರಿಸುತ್ತಿದ್ದ. ರಿನ್‌ಳನ್ನು ಕಂಡ ಮಲ್ಸೂನ್ ದೂರದಿಂದಲೇ ಹೆಬ್ಬೆರಳೆತ್ತಿ ತೋರಿಸಿ, ಮುಖವೆಲ್ಲ ನಕ್ಕಳು.

ಪ್ರೊಫೆಸರ್ ಮಾ ಆಕೆಯ ಎರಡೂ ಕೈ ಹಿಡಿದುಕೊಂಡು ಅವುಗಳಲ್ಲಿ ಫೋನನ್ನು ಇಟ್ಟರು. "ಅಮ್ಮಾ, ಎಷ್ಟು ದಿನದಿಂದ ಕಾದಿದೀರಿ. ಮೊದಲು ಯಜಮಾನರಿಗೆ ಏನಾದ್ರೂ ಹೇಳಿ."

ಮಲ್ಸೂನ್ ಫೋನನ್ನು ಮುಖದ ಹತ್ತಿರ ಹಿಡಿದು, ಒಂದು ಬೆರಳಿನಲ್ಲಿ, ತುಂಬ ಹೊತ್ತು ಟೈಪ್ ಮಾಡಿದಳು. ಕ್ಯಾಮೆರಾದವರು ಹತ್ತಿರ ಬಂದರು. ಆಕೆ ಗಂಡನ ಕಿವಿಯ ಪಕ್ಕ ಫೋನು ಹಿಡಿದು ಗುಂಡಿ ಒತ್ತಿದಳು.

"ಏ ಮುದುಕಾ, ಕಿವಿ ಎಲ್ಲಿಟ್ಟಿದೀಯಾ?" ಎಂದಿತು ಫೋನು. ಸ್ವಚ್ಛವಾಗಿ, ಸಮವಾಗಿ, ಒಂದು ಪದ ಏಳದೆ, ಒಂದು ಪದ ಬೀಳದೆ.

ಮುದುಕ ಕಿವಿಗೆ ಕೈಯಾನಿಸಿ ಕೇಳಿಸಿಕೊಂಡ. ಅವನಿಗೆ ಕೇಳಿಸಿದ್ದು ಮಾತು ಮಾತ್ರ. ದನಿಯ ಬಣ್ಣ ತಿಳಿಯುವಷ್ಟು ಕಿವಿ ಅವನಲ್ಲಿ ಉಳಿದಿರಲಿಲ್ಲ. "ಅವಳೇ!" ಎಂದು ಸಭೆಗೆಲ್ಲ ಕೂಗಿದ. "ನಮ್ಮೋಳೇ! ಬೈತಾಳೆ ನೋಡ್ರಪ್ಪಾ, ಬೈತಾಳೆ!" ಮುಖ ಮುಚ್ಚಿಕೊಂಡು ಅತ್ತ. ಚಪ್ಪಾಳೆ ಬಿತ್ತು. ಪ್ರೊಫೆಸರ್ ಮಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮಲ್ಸೂನ್ ಫೋನನ್ನೇ ನೋಡುತ್ತಿದ್ದಳು. ಮುಖದ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ. ಏನು ಕೇಳಿತೆಂದು ತಿಳಿಯುವ ಮೊದಲೇ ಅಲ್ಲಿ ಸಿಕ್ಕಿಹಾಕಿಕೊಂಡಂತಿತ್ತು. ಮತ್ತೆ ಟೈಪ್ ಮಾಡಿದಳು.

"ಇದು ನಾನಲ್ಲ," ಎಂದಿತು ಫೋನು.

ಜನ ನಕ್ಕರು. ಗಂಡ ಅಳುತ್ತಲೇ ನಕ್ಕ. "ನೋಡಿದ್ರಾ? ತಮಾಷೆ ಮಾಡೋದು ಬಿಟ್ಟಿಲ್ಲ!"

ಆಕೆ ತಲೆ ಎತ್ತಿ ಸುತ್ತ ನೋಡಿದಳು. ಈ ದನಿ ಒಂದಿಡೀ ದಿನ ತನ್ನ ಪಕ್ಕದಲ್ಲಿ ಕೂತು ಸಾವಿರ ವಾಕ್ಯ ಹೇಳಿಕೊಟ್ಟದ್ದು ಆಕೆಗೆ ಮರೆತಿರಲಿಲ್ಲ. ಕಣ್ಣು ರಿನ್‌ಳ ಮೇಲೆ ನಿಂತಿತು. ಮಾಸ್ಕಿನ ಮೇಲೂ ನಿಂತಿತು. ಮೆಲ್ಲಗೆ ನಡೆದು ಬಂದು ಎದುರಿಗೆ ನಿಂತಳು. ಸಿಗಡಿಯ ವಾಸನೆ ಇನ್ನೂ ಕೈಯಲ್ಲಿತ್ತು. ಒಂದು ಬೆರಳನ್ನು ಮಾಸ್ಕಿನ ಅಂಚಿಗೆ ಸಿಕ್ಕಿಸಿ ಅದನ್ನು ಗಲ್ಲದ ಕೆಳಕ್ಕೆ ಎಳೆದಳು. ಆಮೇಲೆ ಟೈಪ್ ಮಾಡಿದಳು. ಈ ಸಲ ಬೇಗ ಆಯಿತು.

"ಮಾತಾಡು," ಎಂದಿತು ಫೋನು, ರಿನ್‌ಳ ದನಿಯಲ್ಲಿ ರಿನ್‌ಗೆ.

ರಿನ್‌ಳ ಬಾಯಿ ತೆರೆಯಿತು. ಒಂದು ಮಾತು ಸಾಕಿತ್ತು, ಯಾವ ಮಾತಾದರೂ ಸರಿ. ಮಲ್ಸೂನಳ ಹೆಗಲಿನಾಚೆ ಸುಂಗ್ಮೊ ನಿಂತಿದ್ದ. ಅವನಾಚೆ ಪ್ರೊಫೆಸರ್ ಮಾ, ಕನ್ನಡಕ ಮತ್ತೆ ಹಾಕಿಕೊಳ್ಳುತ್ತ.

"ಮಾತಾಡು. ಮಾತಾಡು." ಆಕೆ ಅದೇ ಗುಂಡಿಯನ್ನು ಒತ್ತುತ್ತಲೇ ಇದ್ದಳು.

ರಿನ್ ಬಾಯಿ ಮುಚ್ಚಿಕೊಂಡಳು. ಸೊಂಟ ಪೂರ್ತಿ ಮಡಚಿ, ತಲೆ ಮಂಡಿಗೆ ತಾಗುವಷ್ಟು ಬಗ್ಗಿದಳು. ಕ್ಯಾಮೆರಾಗಳು ಒಟ್ಟಿಗೆ ಕಟಕಟಿಸಿದವು. ಮಾರನೆಯ ದಿನದ ಪತ್ರಿಕೆಯಲ್ಲಿ ಬಂದದ್ದು ಅದೇ ಚಿತ್ರ: ರೋಗಿಯ ಮುಂದೆ ಬಾಗಿ ನಿಂತ ಎಳೆಯ ಸಂಶೋಧಕಿ.

ಅವಳು ತಲೆ ಎತ್ತುವಷ್ಟರಲ್ಲಿ ಮುದುಕ ಬಂದು ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡಿದ್ದ. "ಸಾಕು ಬಿಡೇ, ಬ್ಯಾಟ್ರಿ ಮುಗ್ಯತ್ತೆ. ಸಂಜೆ ಅಂಗಡೀಲಿ ಬೇಕು," ಎಂದು ಕೋಟಿನ ಒಳಜೇಬಿಗೆ ಹಾಕಿ, ಮೇಲಿನಿಂದ ಎರಡು ಸಲ ತಟ್ಟಿ ನೋಡಿಕೊಂಡ. ಮಲ್ಸೂನ್ ಬಾಯಿ ತೆರೆದಳು, ತುಟಿಗಳು ಜೋರಾಗಿ ಆಡಿದವು, ಕತ್ತಿನ ಸ್ಕಾರ್ಫ್ ಹಾರಿ ಹಾರಿ ಬಿದ್ದಿತು. ಅಲ್ಲಿಂದ ಬಂದ ಸಿಳ್ಳಿನಂಥ ಗಾಳಿ ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಗಂಡ ಆಕೆಯ ರಟ್ಟೆ ಹಿಡಿದು, ಸಿಕ್ಕವರಿಗೆಲ್ಲ ಬಗ್ಗುತ್ತ, ಬಾಗಿಲ ಕಡೆಗೆ ಕರೆದುಕೊಂಡು ಹೋದ.

ಸುಂಗ್ಮೊ ಮೈಕಿನಲ್ಲಿ ಮುಂದಿನವರ ಹೆಸರು ಕೂಗಿದ. ನಂಬರಲ್ಲ, ಹೆಸರು, ಪೂರ್ತಿ ಮೂರಕ್ಷರ.

ರಿನ್ ಮಾಸ್ಕನ್ನು ಮೇಲಕ್ಕೆ ಎಳೆದುಕೊಂಡಳು.